ಕೊಂಬಿಲ್ಲದ ಬಸವ

ಕಳೆದ ಶ್ರಾವಣದ ಕೊನೆಯ ಭಾನುವಾರ, ಬೆಳಿಗ್ಗೆ ಹೈದರಾಬಾದಿನ ಬಸ್ಸು ಊರು ದಾಟಿದ ಸ್ವಲ್ಪ ಹೊತ್ತಿಗೆ, ನಾನು ನಮ್ಮೂರ ದನದ ದವಾಖಾನೆಯ ಹಿಂದೆ, ದನ ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟಿನ ಎಡಗಡೆ ನಿಂತಿದ್ದೆ. ಹೋರಿಯ ತಲೆ ನನ್ನ ಕಡೆಗಿತ್ತು. ಅದರ ಉಸಿರು ನನ್ನ ಮೊಣಕೈಗೆ ತಾಗುತ್ತಿತ್ತು. ಹಿಂದುಗಡೆ ನಡೆದದ್ದನ್ನು ನಾನು ಅರ್ಧ ನೋಡಿದೆ, ಉಳಿದರ್ಧ ಆ ಹೋರಿಯ ಕಣ್ಣಿನಿಂದ ತಿಳಿದುಕೊಂಡೆ. ಆದ್ದರಿಂದ ನೋಡಿದ್ದನ್ನು ನೋಡಿದೆ ಎಂದೂ, ತಿಳಿದುಕೊಂಡದ್ದನ್ನು ತಿಳಿದುಕೊಂಡೆ ಎಂದೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ. ನಡೆದದ್ದು ದೊಡ್ಡ ಸಂಗತಿಯಲ್ಲ. ರಕ್ತ ಬರಲಿಲ್ಲ, ಯಾರೂ ಸಾಯಲಿಲ್ಲ, ಪತ್ರಿಕೆಗೂ ಬರಲಿಲ್ಲ. ಆದರೂ ಅಂದಿನಿಂದ ಎಲ್ಲಾದರೂ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕಡೆ ತಿರುಗುತ್ತೇನೆ.

ನಮ್ಮೂರು ಚಿತ್ತಾಪುರಕ್ಕೂ ಸೇಡಂಗೂ ನಡುವೆ ಇದೆ. ನಾನು ಶಹಾಬಾದಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಊರಿನವರು ವಿಜ್ಞಾನದ ವಿಷಯ ಬಂದಾಗ ನನ್ನನ್ನು ಕರೆಯುತ್ತಾರೆ. ವಿಜ್ಞಾನದ ವಿಷಯವೆಂದರೆ ಬೋರಿನ ಮೋಟಾರು ಸುಟ್ಟಾಗ, ಟಿವಿಯ ಛತ್ರಿ ತಿರುಗಿಸುವಾಗ, ಯಾರದೋ ರಕ್ತ ಪರೀಕ್ಷೆಯ ಚೀಟಿ ಓದುವಾಗ. ನಾನು ಹೇಳಿದ್ದನ್ನು ಎಲ್ಲರೂ ಗೌರವದಿಂದ ಕೇಳುತ್ತಾರೆ. ಆಮೇಲೆ ಅವರಿಗೆ ತೋಚಿದಂತೆ ಮಾಡುತ್ತಾರೆ.

ಹೊರಗಿನವರಿಗಾಗಿ ಒಂದು ಮಾತು ಹೇಳಬೇಕು. ನಮ್ಮ ಕಡೆ ದೊಡ್ಡ ಕಷ್ಟದಿಂದ ಪಾರಾದವರು ಒಂದು ಹೋರಿಯನ್ನು ಬಸವಣ್ಣನ ಗುಡಿಗೆ ಬಿಡುತ್ತಾರೆ. ಬಸವ ಬಿಡುವುದು ಎನ್ನುತ್ತಾರೆ. ಆಮೇಲೆ ಅದಕ್ಕೆ ಹಗ್ಗವಿಲ್ಲ, ನೊಗವಿಲ್ಲ, ಒಡೆಯನಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಕೈಮುಗಿದು ಹೊರಗೆ ಕಳಿಸಬೇಕು. ಊರ ಆಕಳುಗಳಿಗೆ ಅದೇ ಗಂಡು. ನಮ್ಮೂರ ಹಳೆಯ ಬಸವ ಯುಗಾದಿಯ ಮುಂಚೆ ವಾಡಿ ರಸ್ತೆಯಲ್ಲಿ ಸಿಮೆಂಟು ತುಂಬಿದ ಬಲ್ಕರ್ ಲಾರಿಗೆ ಸಿಕ್ಕಿ ಸತ್ತಿತು. ಅದರ ಜಾಗಕ್ಕೆ ಹೊಸದು ಬರಬೇಕಾಗಿತ್ತು. ಬರುವ ಹೋರಿಯೂ ಊರಿನಲ್ಲೇ ಬೆಳೆಯುತ್ತಿತ್ತು.

ಅದು ನನ್ನ ಪಕ್ಕದ ಮನೆಯ ಕಾಕಿಯದು. ಊರ ವರಸೆಯಲ್ಲಿ ಕಾಕಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕಿ ಮಗಳನ್ನು ಬೆಳೆಸಿದವಳು. ಎರಡು ವರ್ಷದ ಹಿಂದೆ ತೊಗರಿ ಕೊಯ್ಯುವಾಗ ಮಗಳಿಗೆ ಹಾವು ಕಡಿಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಾಗ ಕಾಕಿ ಹೊರಗಿನ ಬೇವಿನ ಗಿಡದ ಬುಡದಲ್ಲಿ ಕುಳಿತು, ಮಗಳು ಎದ್ದರೆ ಬಸವ ಬಿಡುತ್ತೇನೆ ಎಂದು ಹರಕೆ ಹೊತ್ತಳು. ಮಗಳು ಎದ್ದಳು. ಕಾಕಿ ವಾಡಿಯ ಹತ್ತಿರದ ಒಂದು ಹಾಲಿನ ಡೈರಿಗೆ ಹೋಗಿ ಹಾಲು ಕುಡಿಯುವ ಹೋರಿಗರುವೊಂದನ್ನು ತಂದಳು. ಡೈರಿಯಲ್ಲಿ ಗಂಡುಕರುವಿಗೆ ಬೆಲೆಯಿಲ್ಲ, ಕೇಳಿದವರಿಗೆ ಕೊಟ್ಟುಬಿಡುತ್ತಾರೆ. ದೇವಣಿ ತಳಿ, ಬಿಳಿ ಮೈ, ಕಪ್ಪು ಮುಖ. ಚಂದದ ಕರು. ಬೆಳೆಯುತ್ತ ಬೆಳೆಯುತ್ತ ಹೆಗಲೆದ್ದಿತು, ಗಂಗೆದೊಗಲು ಜೋತಿತು. ಕೊಂಬು ಮಾತ್ರ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಕಾಕಿ, “ಹುಟ್ಟಿದ್ದೇ ಹಂಗ. ದೇವರ ಇಚ್ಛಾ,” ಎನ್ನುತ್ತಿದ್ದಳು. ಜನ ಒಪ್ಪಿಕೊಂಡರು. ಬೋಳು ತಲೆಯ ಹೋರಿ ಶಿವನಿಗೆ ಇನ್ನೂ ಹತ್ತಿರ ಎಂದು ಹೇಳಿದವರೂ ಇದ್ದರು. ಎರಡು ವರ್ಷ ಆ ಬೋಳು ತಲೆ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. ಅದಕ್ಕೆ ಒಂದು ಉಪನ್ಯಾಸ ಬೇಕಾಯಿತು.

ಆ ಶ್ರಾವಣದ ಹಿಂದಿನ ಬೇಸಿಗೆಯಲ್ಲಿ ಸೇಡಂನ ಒಂದು ಸಭಾಂಗಣದಲ್ಲಿ ರೈತರಿಗೆಂದು ವಂಶವಾಹಿ ತಿದ್ದುವ ವಿಧಾನಗಳ ಪರಿಚಯ ಇಟ್ಟಿದ್ದರು. ಊಟವಿದೆ ಎಂದು ಆಹ್ವಾನದಲ್ಲಿ ದಪ್ಪ ಅಕ್ಷರದಲ್ಲಿತ್ತು. ನಮ್ಮ ಗುಡಿ ಕಮಿಟಿಯ ಅಧ್ಯಕ್ಷರೂ ನಾನೂ ಒಂದೇ ಜೀಪಿನಲ್ಲಿ ಹೋದೆವು. ಅಧ್ಯಕ್ಷರು ಚಿತ್ತಾಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವರು. ಅವರ ಅಂಗಡಿಯ ಬೀಜಕ್ಕೆ ತಂದೆ ಯಾರು, ತಾಯಿ ಯಾರು ಎಂದು ಈತನಕ ಯಾರೂ ಕೇಳಿಲ್ಲ. ಕೇಳಿದರೆ ಪೊಟ್ಟಣದ ಮೇಲಿನ ಚಿತ್ರ ತೋರಿಸುತ್ತಾರೆ.

ಉಪನ್ಯಾಸಕರು ದೊಡ್ಡ ಊರಿನಿಂದ ಬಂದವರು. ವಿಷಯ ಬಲ್ಲವರು, ಅದರಲ್ಲಿ ಸಂಶಯವಿಲ್ಲ. ಅವರ ಕನ್ನಡದಲ್ಲಿ ‘ಇದೆ’, ‘ಆದರೆ’, ‘ಹಾಗಾಗಿ’ ಎಂಬ ಪದಗಳು ಕನ್ನಡದವು. ಊಟಕ್ಕೆ ಮುಂಚೆ ಅವರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಇಲ್ಲಿ ಇಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಪ್ರತಿ ಜೀವಕೋಶದೊಳಗೆ ಆ ಜೀವಿಯನ್ನು ಕಟ್ಟುವ ಬರಹವಿದೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಆ ಬರಹದಲ್ಲಿ ಬೇಕಾದ ಜಾಗವನ್ನೇ ಹುಡುಕಿ ಕತ್ತರಿಸುವುದು ತಿದ್ದುವ ಕೆಲಸದ ಮೊದಲ ಹೆಜ್ಜೆ. ಹಿಂದಿನ ವಿಧಾನಗಳಲ್ಲಿ ಪ್ರತಿ ಜಾಗಕ್ಕೂ ಬೇರೆ ಬೇರೆ ಕತ್ತರಿಯನ್ನೇ ಮಾಡಿಸಬೇಕಾಗಿತ್ತು. ವರ್ಷಗಟ್ಟಲೆ ಹಿಡಿಯುತ್ತಿತ್ತು. ಈಗಿನ ಕ್ರಿಸ್ಪರ್ ವಿಧಾನದಲ್ಲಿ ಕತ್ತರಿ ಒಂದೇ. ದರ್ಜಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವ ಗೆರೆಯಂತೆ ಒಂದು ಚಿಕ್ಕ ಗುರುತು ಕತ್ತರಿಯ ಜೊತೆ ಹೋಗುತ್ತದೆ. ಗುರುತು ಬದಲಿಸಿದರೆ ಕತ್ತರಿಸುವ ಜಾಗ ಬದಲಾಗುತ್ತದೆ. ಕತ್ತರಿಸಿದ್ದನ್ನು ಹೊಲಿಯುವುದು ಮಾತ್ರ ಜೀವಕೋಶವೇ. ಅವಸರದಲ್ಲಿ ಹೊಲಿದರೆ ಒಂದೆರಡು ಅಕ್ಷರ ಬಿದ್ದುಹೋಗಿ ಆ ವಂಶವಾಹಿ ಕೆಲಸ ನಿಲ್ಲಿಸುತ್ತದೆ. ಪಕ್ಕದಲ್ಲಿ ಒಂದು ಮಾದರಿ ಇಟ್ಟರೆ ಅದನ್ನು ನೋಡಿ ಹೊಲಿಯುತ್ತದೆ, ಆಗ ಹೊಸ ಬರಹ ಸೇರುತ್ತದೆ. ಹೊರದೇಶದಲ್ಲಿ ಹೀಗೆ ಕೊಂಬು ಬಾರದ ಕರುಗಳನ್ನು ಮಾಡಿದ್ದಾರೆಂದು ಅವರು ಪರದೆಯ ಮೇಲೆ ಚಿತ್ರ ತೋರಿಸಿದರು. ಆ ಕರುಗಳೊಳಗೆ ಬೇಡದ ಒಂದು ಚೂರು ಬರಹವೂ ಸೇರಿಕೊಂಡದ್ದು ಆಮೇಲೆ ಬೇರೆಯವರಿಗೆ ಕಂಡಿತು ಎಂಬುದನ್ನೂ ಹೇಳಿದರು. ಆ ಹೊತ್ತಿಗೆ ಹುಗ್ಗಿಯ ವಾಸನೆ ಬಂದಿತ್ತು, ಯಾರೂ ಕೇಳಲಿಲ್ಲ.

ಊಟದ ನಂತರ ಸೊಳ್ಳೆಯ ಮಾತು. ಜೀನ್ ಡ್ರೈವ್ ಎಂಬ ಉಪಾಯ. ಮಲೇರಿಯ ಹರಡುವ ಸೊಳ್ಳೆಗೆ ಒಂದು ತಿದ್ದುಪಡಿ ಹಾಕಿ ಬಿಟ್ಟರೆ ಅದು ಅರ್ಧ ಮರಿಗಳಿಗಲ್ಲ, ಹೆಚ್ಚುಕಡಿಮೆ ಎಲ್ಲ ಮರಿಗಳಿಗೂ ಹೋಗುತ್ತದೆ. ಕೆಲವು ತಲೆಮಾರಿನಲ್ಲಿ ಆ ಕಡೆಯ ಸೊಳ್ಳೆಗಳೆಲ್ಲ ಅದೇ ಆಗಬಹುದು. ಈಗ ಪಂಜರದೊಳಗೆ ಪ್ರಯೋಗ ನಡೆಯುತ್ತಿದೆ, ಹೊರಗೆ ಬಿಡುವ ಮುಂಚೆ ಭಾಳ ಯೋಚಿಸಬೇಕು ಎಂದರು. ಅಧ್ಯಕ್ಷರು ನನ್ನ ಪಕ್ಕದಲ್ಲಿ ಕಣ್ಣುಮುಚ್ಚಿ ಕುಳಿತಿದ್ದರು. ಧ್ಯಾನವೆಂದು ನಾನು ಹೇಳಲಾರೆ. ‘ಒಂದು ಬಿಟ್ಟರೆ ಎಲ್ಲವೂ ಅದೇ ಆಗುತ್ತದೆ’ ಎಂಬ ಮಾತಿಗೆ ಅವರ ಕಣ್ಣು ತೆರೆಯಿತು. ಊಟಕ್ಕೆ ಮುಂಚಿನ ಆಕಳು, ಊಟದ ನಂತರದ ಸೊಳ್ಳೆ, ನಡುವಿನ ಹುಗ್ಗಿ: ಮೂರೂ ಅವರೊಳಗೆ ಕಲೆತುಹೋದದ್ದು ಅಲ್ಲಿಯೇ.

ಶ್ರಾವಣ ಹತ್ತಿರ ಬಂದಾಗ ಕಾಕಿ ಕೊನೆಯ ಸೋಮವಾರ ಬಸವ ಬಿಡುವುದಾಗಿ ಕಮಿಟಿಗೆ ತಿಳಿಸಿದಳು. ಅಧ್ಯಕ್ಷರು ಗುಡಿಯ ಕಟ್ಟೆಯ ಮೇಲೆ ಸಭೆ ಕರೆದರು. ಗುಡಿಯ ಪೂಜೆಯ ಮುಪ್ಪಿನ ಅಯ್ಯನವರು, ಟ್ರ್ಯಾಕ್ಟರ್ ಇಟ್ಟಿರುವ ಒಬ್ಬ ಸದಸ್ಯ, ಇನ್ನು ಕೆಲವರು ಬಂದಿದ್ದರು. ನನ್ನನ್ನು ವಿಜ್ಞಾನಕ್ಕಾಗಿ ಕರೆದಿದ್ದರು. ಕಾಕಿಯನ್ನು ಕರೆದಿರಲಿಲ್ಲ.

“ಸರ, ನೀವೂ ಸೇಡಂಕ್ಕ ಬಂದಿದ್ರಿ. ಸುಳ್ಳಿದ್ರ ಸುಳ್ಳನ್ರಿ,” ಎಂದು ಅಧ್ಯಕ್ಷರು ಶುರುಮಾಡಿದರು. “ಕೋಡಿಲ್ಲದ ಆಕಳಾ ತೋರಿಸಿದ್ರೋ ಇಲ್ಲೋ?”

“ತೋರಿಸಿದ್ರು.”

“ಒಂದು ಬಿಟ್ರ ಎಲ್ಲಾ ಹಂಗೇ ಆಗ್ತಾವ ಅಂದ್ರೋ ಇಲ್ಲೋ?”

“ಅದು ಸೊಳ್ಳಿ ಬಗ್ಗೆ ಅಂದದ್ದು. ಊಟ ಆದ ಮ್ಯಾಗ.”

“ಅಂದ್ರೋ ಇಲ್ಲೋ?”

“ಅಂದ್ರು.”

ಅಧ್ಯಕ್ಷರು ಉಳಿದವರ ಕಡೆ ತಿರುಗಿದರು. “ಕೇಳಿದ್ರೇನ್ರಿ? ಸರೇ ಒಪ್ಪ್ಯಾರ. ಈ ಹೋರಿ ಡೈರಿದು. ಡೈರ್ಯಾಗ ಏನೇನು ಮಾಡ್ತಾರೋ ಯಾರಿಗಿ ಗೊತ್ತದ? ತಿದ್ದಿದ ಹೋರಿ ಇದು. ಇದನ್ನ ಬಿಟ್ರ ಊರ ಆಕಳಾ ಪೂರಾ ಕೋಡಿಲ್ಲದ ಕರಾ ಹಾಕ್ತಾವ. ಕಾರಹುಣ್ಣಿಮಿಗಿ ಕೋಡಿನ ಬಣ್ಣ ಎಲ್ಲಿ ಹಚ್ಚತೀರಿ? ಬಾಜೂರ ಮಂದಿ ನೋಡಿ, ಬಂದ್ವು ನೋಡ್ರಿ ಕತ್ತೆಗೋಳು, ಅಂತಾರ.”

ಜನ ನಕ್ಕರು. ನಗುತ್ತಲೇ ಹೆದರಿದರು. ಟ್ರ್ಯಾಕ್ಟರಿನವನು ನನಗೆ, “ಸರ, ಈ ಡ್ರೈವ್ ಅಂದ್ರ ಏನ್ರಿ? ನನಗ ಟ್ರ್ಯಾಕ್ಟರ್ ಡ್ರೈವ್ ಅಷ್ಟೇ ಗೊತ್ತು,” ಎಂದ.

ನನಗೆ ಅವಕಾಶ ಸಿಕ್ಕಿತೆಂದುಕೊಂಡೆ. “ಚಿಂಚೋಳಿ ಬಸ್ಸಿನಾಗ ಇಬ್ಬರ ಸೀಟು ಅದ ಅಂತ ತಿಳಕೋ. ಕಿಟಕಿ ಬಾಜು ಅಪ್ಪನ ಕಡಿಯಾಂವ, ಈ ಬಾಜು ಅವ್ವನ ಕಡಿಯಾಂವ. ಮುಂದಿನ ಬಸ್ಸಿಗಿ ಇಬ್ಬರೊಳಗ ಒಬ್ಬಾಂವಗ ಅಷ್ಟೇ ಜಾಗ. ಹಿಂಗಾಗಿ ಇಬ್ಬರಿಗೂ ಅರ್ಧಕ್ಕರ್ಧ ಅವಕಾಶ. ಇದು ಸಾದಾ ಹುಟ್ಟು. ಡ್ರೈವ್ ಅಂದ್ರ, ಕಿಟಕಿ ಬಾಜು ಕುಂತಾಂವನ ಕಿಸೆದಾಗ ಒಂದು ಕತ್ತರಿ ಇರ್ತದ. ಅಂವ ಈ ಬಾಜು ಸೀಟು ಹರೀತಾನ. ಹರಿದದ್ದು ಹೊಲಿಯಾಂವ ಕಿಟಕಿ ಬಾಜು ನೋಡಿ ಹಂಗೇ ಹೊಲೀತಾನ, ಆ ಮನಷ್ಯಾ, ಆ ಕತ್ತರಿ ಸಮೇತ. ಈಗ ಎರಡೂ ಕಡಿ ಅಂವನೇ. ಮುಂದಿನ ಬಸ್ಸಿಗಿ ಯಾರು ಹೋದ್ರೂ ಅಂವನೇ ಹೋದಂಗ.”

“ಅಂದ್ರ ನಮ್ಮ ಸೊಸೈಟಿ ಎಲೆಕ್ಷನ್ ಇದ್ದಂಗ,” ಎಂದ ಟ್ರ್ಯಾಕ್ಟರಿನವನು. ಅಧ್ಯಕ್ಷರು ಬಿಟ್ಟು ಎಲ್ಲರೂ ನಕ್ಕರು. ಅವರು ಆ ಸೊಸೈಟಿಗೂ ಅಧ್ಯಕ್ಷರು.

“ಈ ಹೋರ್ಯಾಗ ಕತ್ತರಿ ಇಲ್ಲ,” ಎಂದೆ. “ಹುಟ್ಟಿದ್ದೇ ಹಂಗಂದ್ರೂ, ಅಪ್ಪ ಅವ್ವ ಒಬ್ಬರ ಕಡಿಂದ ಅಷ್ಟೇ ಬಂದಿದ್ರ, ಅರ್ಧ ಕರಕ್ಕ ಬರಬಹುದು. ಕೋಡು ಬಾರದ ತಳಿ ಲೋಕದಾಗ ಮೊದಲಿಂದನೂ ಅವ. ಮತ್ತ ಸೊಳ್ಳಿ ತಿಂಗಳೊಳಗ ಮೊಮ್ಮಕ್ಕಳ ಮಾರಿ ನೋಡ್ತದ. ಆಕಳಾ ವರ್ಷಕ್ಕೊಂದು ಈಯ್ತದ. ಆಕಳಿಗಿ ಡ್ರೈವ್ ಹಾಕಿದ್ರೂ ಊರ ತುಂಬಬೇಕಂದ್ರ ನಾವ್ಯಾರೂ ಇರಂಗಿಲ್ಲ.”

“ಅರ್ಧ ಅಂದ್ರಿ,” ಎಂದರು ಅಧ್ಯಕ್ಷರು. “ಅರ್ಧ ಕಮ್ಮಿ ಆಯ್ತೇನ್ರಿ?”

ಅಯ್ಯನವರು, “ಹಂಗಂದ್ರ ಈ ಹೋರಿ ಬ್ಯಾಡಂತ ಹೇಳ್ರಿ ಆಕಿಗಿ. ಬ್ಯಾರೇದು ತರ್ತಾಳ,” ಎಂದರು. ಅದು ಆಗುವಂತಿರಲಿಲ್ಲ. ಪೆಂಡಾಲಿಗೆ ಹೇಳಿಯಾಗಿತ್ತು, ಸುತ್ತಿನ ಹಳ್ಳಿಗಳಿಗೆ ಊಟದ ಕರೆ ಹೋಗಿತ್ತು, ಅಧ್ಯಕ್ಷರ ಕೈಮುಗಿದ ಫೋಟೊ ಇರುವ ಬ್ಯಾನರ್ ಕಾಳಗಿ ದಾರಿಯವರೆಗೆ ಏರಿತ್ತು. ಹೋರಿ ಬೇಕು, ಅದರ ವಂಶ ಬೇಡ. ಅಧ್ಯಕ್ಷರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಪರಿಹಾರ ಕಂಡುಹಿಡಿದರು. ಸೋಮವಾರ ಬಿಡುವ ಮುಂಚೆ ಭಾನುವಾರ ಬೀಜ ಒಡೆಸಿ ಎತ್ತು ಮಾಡಿಬಿಡುವುದು. “ಹರಕಿನೂ ತೀರ್ತದ, ಊರ ವಂಶನೂ ಉಳೀತದ.”

“ಹೋರಿ ಬಿಡ್ತಾರಪ್ಪ. ಎತ್ತು ಬಿಡಂಗಿಲ್ಲ,” ಎಂದರು ಅಯ್ಯನವರು.

“ಅಯ್ನೋರ, ಕಾಲ ಬದಲಾಗ್ಯಾದ. ಈಗ ಆಕಳಾ ಎಲ್ಲಾ ದವಾಖಾನಿ ಸೂಜಿಲೇ ಗಬ್ಬ ಆಗ್ತಾವ. ಹೋರಿದು ಏನು ಕೆಲಸ ಅದ? ಪೂಜಿಗಿ ನಿಂತ್ರ ಸಾಕು.”

ಹೋರಿಯಿಂದ ಊರ ವಂಶವೆಲ್ಲ ಕೆಡುತ್ತದೆ ಎಂದವರೂ ಅವರೇ, ಊರ ವಂಶಕ್ಕೆ ಹೋರಿ ಬೇಕಾಗಿಯೇ ಇಲ್ಲ ಎಂದವರೂ ಅವರೇ. ಎರಡು ಮಾತಿನ ನಡುವೆ ಅವರು ನೀರು ಕೂಡ ಕುಡಿಯಲಿಲ್ಲ. ಇದನ್ನು ನಾನು ಅಲ್ಲಿಯೇ ಹೇಳಿದೆ. ಎಲ್ಲರೂ ಗೌರವದಿಂದ ಕೇಳಿದರು. ಸೋಮವಾರ ಎತ್ತಿಗೆ ನೊಗ ಇಡುವುದೂ ಪಾಪವೆನ್ನುವ ಊರು ನಮ್ಮದು, ಹಾಗಾಗಿ ಭಾನುವಾರ ಎಂದು ಎಲ್ಲರೂ ಒಪ್ಪಿದರು.

ಸುದ್ದಿ ನಾನು ಮನೆ ಮುಟ್ಟುವ ಮುಂಚೆಯೇ ಕಾಕಿಯನ್ನು ಮುಟ್ಟಿತ್ತು. ಅವಳು ದನದ ಕೊಟ್ಟಿಗೆಯಲ್ಲಿ ಹೋರಿಯ ಪಕ್ಕ ನಿಂತಿದ್ದಳು.

“ತಮ್ಮಾ, ಬಾ ಇಲ್ಲಿ. ಕೈ ಕೊಡು,” ಎಂದು ನನ್ನ ಬೆರಳು ಹಿಡಿದು ಹೋರಿಯ ನೆತ್ತಿಯ ಕೂದಲೊಳಗೆ ಇಟ್ಟಳು. ಕೊಂಬು ಬರಬೇಕಾದ ಎರಡೂ ಜಾಗದಲ್ಲಿ ನಾಣ್ಯದಷ್ಟು ಅಗಲದ, ಕೂದಲಿಲ್ಲದ ನುಣುಪು ಚರ್ಮ. ಸುತ್ತಲಿನ ಕೂದಲು ಅದನ್ನು ಮುಚ್ಚಿತ್ತು.

ಕೈಯಿಟ್ಟ ಕೂಡಲೇ ನನಗೆ ಗೊತ್ತಾಯಿತು. ಡೈರಿಗಳಲ್ಲಿ ದನಗಳು ಒಂದನ್ನೊಂದು ಹಾಯಬಾರದೆಂದು ಕರು ಹುಟ್ಟಿದ ಕೆಲವು ವಾರದಲ್ಲೇ ಕೊಂಬಿನ ಮೊಗ್ಗನ್ನು ಕಾಯಿಸಿದ ಕಬ್ಬಿಣದಿಂದ ಸುಟ್ಟುಬಿಡುತ್ತಾರೆ.

“ಸುಟ್ಟಾರ,” ಎಂದೆ.

“ಹೌದು. ತರೋವಾಗೇ ಹೇಳಿದ್ರು.”

“ಮತ್ತ ಹುಟ್ಟಿದ್ದೇ ಹಂಗ ಅಂತ ಯಾಕ ಹೇಳಿದಿ, ಕಾಕಿ?”

“ಸುಟ್ಟದ್ದು ಅಂದ್ರ ಊನ ಆಯ್ತು ಅಂತಾರ. ಊನ ಆದದ್ದು ದೇವರಿಗಿ ನಡಿಯಂಗಿಲ್ಲ. ಹುಟ್ಟಿದ್ದೇ ಹಂಗ ಅಂದ್ರ ದೇವರು ಮಾಡಿದ್ದು, ಅದಕ್ಕ ಯಾರೂ ಹೆಸರಿಡಂಗಿಲ್ಲ.” ಅವಳು ಹೋರಿಯ ಕುತ್ತಿಗೆ ತುರಿಸಿದಳು. “ಇಂಥಾ ದೇವಣಿ ಮತ್ತ ಎಲ್ಲಿ ಸಿಗ್ತಿತ್ತು ನನಗ? ಮಗಳು ಮನಿಗಿ ಬಂದಿದ್ದಳು. ಹರಕಿ ತಡಾ ಮಾಡಬಾರದು.”

“ಸುಟ್ಟ ಗಾಯ ಹುಟ್ಟೋ ಕರಕ್ಕ ಬರಂಗಿಲ್ಲ. ಇದನ್ನ ಹೇಳಿದ್ರ ಅವರ ಅಂಜಿಕಿ ಅಲ್ಲೇ ಮುಗೀತದ.”

“ಅದು ನನಗೂ ಗೊತ್ತದ. ಕಿವಿ ಚುಚ್ಚಿಸಿಕೊಂಡಾಕಿ ಹೊಟ್ಟ್ಯಾಗ ಚುಚ್ಚಿದ ಕಿವಿ ಕೂಸು ಹುಟ್ತದೇನು? ಖರೇ, ಹೇಳಿದ್ರ ಹೋರಿ ಉಳೀತದ, ಹರಕಿ ಹೋಗ್ತದ. ಹೇಳದಿದ್ರ ಹರಕಿ ಉಳೀತದ, ಹೋರಿ ಹೋಗ್ತದ.” ನೆತ್ತಿಯ ಕೂದಲನ್ನು ಮತ್ತೆ ಕಲೆಯ ಮೇಲೆ ಸರಿಸಿ, “ಬೀಜ ಒಡೆದ ಮ್ಯಾಗ ಹರಕಿನೂ ಉಳಿಯಂಗಿಲ್ಲ ಬಿಡು. ಹರಕಿಗಿ ಹೋರಿ ಅಂದೀನಿ ನಾ. ನೀ ಸುಟ್ಟದ್ದು ಹೇಳಬ್ಯಾಡ. ಬ್ಯಾರೆ ಏನರ ಹೇಳಿ ನಿಲ್ಲಸು,” ಎಂದಳು.

ಬೇರೆ ಏನಿತ್ತೋ ಅದೆಲ್ಲವನ್ನೂ ನಾನು ಅಧ್ಯಕ್ಷರಿಗೆ ಹೇಳಿದೆ. ಅವರ ಅಂಗಡಿಗೇ ಹೋಗಿ, ಕೀಟನಾಶಕದ ಡಬ್ಬಿಗಳ ನಡುವೆ ಕುರ್ಚಿ ಹಾಕಿಸಿಕೊಂಡು, ಸೊಳ್ಳೆಯಿಂದ ಹಿಡಿದು ಸೀಟಿನವರೆಗೆ ಮತ್ತೊಮ್ಮೆ ಹೇಳಿದೆ. ಅವರು ಚಹಾ ತರಿಸಿದರು. “ನೀವು ಭಾಳ ಓದಿದವರು ಸರ, ನಿಮಗ ಊರ ಫಿಕರ್ ಇಲ್ಲ,” ಎಂದರು. ಅಷ್ಟರಲ್ಲಿ ಅವರು ಊರಿನ ವಾಟ್ಸಾಪ್ ಗುಂಪಿಗೆ, ನಮ್ಮ ತಾಲೂಕಿನಲ್ಲೇ ಮೊದಲ ಬಾರಿಗೆ ವೈಜ್ಞಾನಿಕ ರೀತಿಯಲ್ಲಿ ಬಸವ ಬಿಡಲಾಗುವುದು ಎಂದು ಹಾಕಿಯಾಗಿತ್ತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ವಿಜ್ಞಾನಕ್ಕೆ ನಮ್ಮೂರಿನಲ್ಲಿ ಅಷ್ಟು ನಮಸ್ಕಾರ ಬಿದ್ದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಭಾನುವಾರ ಕಾಕಿ ತಾನೇ ಹೋರಿಯನ್ನು ಹೊಡೆದುಕೊಂಡು ಬಂದಳು. ಬೇರೆ ಯಾರಾದರೂ ಎಳೆದು ತಂದರೆ ಅದು ಬೆದರುತ್ತದೆ ಎಂದು. ಅಯ್ಯನವರೂ ಕಮಿಟಿಯವರೂ ಆಗಲೇ ಬಂದು ನಿಂತಿದ್ದರು. ಡಾಕ್ಟರು ಕಲಬುರಗಿಗೆ ಹೋಗಿದ್ದರು. ಕಂಪೌಂಡರ್ ಇದ್ದ. “ಡಾಕ್ಟರ್ ಸಾಹೇಬ್ರು ಬರಲಿ ಬಿಡ್ರಿ,” ಎಂದು ಒಮ್ಮೆ ಅಂದ. “ಪೆಂಡಾಲದವರು ಬಂದಾರ,” ಎಂದರು ಅಧ್ಯಕ್ಷರು. ಅವನು ಚೌಕಟ್ಟಿನ ಬಾಯಿಯ ಕೊಳವೆ ಸರಿಸಿದ. ಹೋರಿಯನ್ನು ಚೌಕಟ್ಟಿನೊಳಗೆ ನಿಲ್ಲಿಸಿ ಮುಂದೆ ಹಿಂದೆ ಅಡ್ಡ ಕೊಳವೆ ಸೇರಿಸಿದರು. ಅದು ಅಪರಿಚಿತ ಜಾಗವನ್ನು ಮೂಸಿ, ಆಮೇಲೆ ನನ್ನ ಅಂಗಿಯ ತೋಳನ್ನು ನೆಕ್ಕಿತು. ಕಂಪೌಂಡರ್ ಒಳಗಿನಿಂದ ಇಕ್ಕಳ ತಂದ. ಎರಡು ಕೈಯಲ್ಲಿ ಹಿಡಿಯಬೇಕಾದ ದೊಡ್ಡ ಇಕ್ಕಳ. ಚರ್ಮ ಹರಿಯದೆ ಒಳಗೆ ಬೀಜಕ್ಕೆ ಹೋಗುವ ನಾಳವನ್ನು ಮಾತ್ರ ಜಜ್ಜುತ್ತದೆ.

ಇಕ್ಕಳ ನೋಡಿದ ಮೇಲೆ ಕಾಕಿ ಬಾಯಿ ಬಿಟ್ಟಳು.

“ಸುಟ್ಟಾರ,” ಎಂದಳು. ಯಾರೂ ತಿರುಗದಿದ್ದಾಗ ಇನ್ನೊಮ್ಮೆ ಅಂದಳು. “ಕೋಡು ಸುಟ್ಟಾರ, ಡೈರ್ಯಾಗ. ಹುಟ್ಟಿದ್ದು ಹಂಗಲ್ಲ. ನಾ ಸುಳ್ಳು ಹೇಳೀನಿ. ಮುಟ್ಟಿ ನೋಡ್ರಿ.”

ಅಧ್ಯಕ್ಷರು ಬಂದು ಮುಟ್ಟಿ ನೋಡಿದರು. ಅವರ ಬೆರಳು ಎಡಗಡೆಯ ನುಣುಪಿನ ಮೇಲೆ ನಿಂತದ್ದನ್ನು ನಾನು ನೋಡಿದೆ. ಬಲಗಡೆಯದನ್ನೂ ಮುಟ್ಟಿದರು. ಟ್ರ್ಯಾಕ್ಟರಿನವನೂ ಮುಟ್ಟಿ, “ಖರೇ ಅದ ರೀ. ಕಲೆ ಅದ,” ಎಂದ.

“ಇದು ಸುಟ್ಟ ಕಲೆ. ಬೀಜಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದರ ಕರಾ ಎಲ್ಲಾ ಕೋಡು ತಗೊಂಡೇ ಹುಟ್ತಾವ,” ಎಂದು ನಾನು ಹೇಳಿದೆ.

ಕಾಕಿ ನನ್ನನ್ನು ನೋಡಲಿಲ್ಲ. ಅಯ್ಯನವರ ಮುಖವನ್ನೇ ನೋಡುತ್ತಿದ್ದಳು. ಅವಳ ಹರಕೆ ಈಗ ಅವರ ಬಾಯಲ್ಲಿತ್ತು. ಅಯ್ಯನವರು ಕೋಲಿನ ಮೇಲೆ ಎರಡೂ ಕೈ ಇಟ್ಟು ಯೋಚಿಸಿದರು. “ಮನಷ್ಯಾ ಮಾಡಿದ್ದು ಅದು. ಮೂಗು ಚುಚ್ಚಿದಂಗ, ಮುದ್ರಿ ಒತ್ತಿದಂಗ. ಊನ ಅನ್ನಂಗಿಲ್ಲ. ನಡೀತದವ್ವಾ, ಬಿಡು,” ಎಂದರು.

ಅಲ್ಲಿಗೆ ಎಲ್ಲವೂ ಮುಗಿದಂತೆಯೇ. ವಂಶದ ಅಂಜಿಕೆ ಹೋಯಿತು, ಊನದ ಅಂಜಿಕೆಯೂ ಹೋಯಿತು. ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕಂಪೌಂಡರ್ ಇಕ್ಕಳ ಕೆಳಗಿಳಿಸಿದ. ಹೋರಿಯನ್ನು ಬಿಡಿಸಲು ನಾನೇ ಮುಂದಿನ ಕೊಳವೆಗೆ ಕೈ ಹಾಕಿದೆ.

ಅಧ್ಯಕ್ಷರು ಸುತ್ತ ನೋಡಿದರು. ಟ್ರ್ಯಾಕ್ಟರಿನವನ ಕೈಯಲ್ಲಿ ಫೋನು ಚಿತ್ರ ಹಿಡಿಯುತ್ತಿತ್ತು.

“ಸರ, ಒಂದು ಮಾತು ಕೇಳ್ತೀನಿ,” ಎಂದರು. “ಸುಡೋದು ಅಂದ್ರೂ ತಿದ್ದೋದೇ ಅಲ್ಲೇನ್ರಿ?”

“ಅಲ್ಲ.”

“ಕತ್ತರಿಲೆ ತಿದ್ದಿದ್ರ ಒಳಗ ಇಳೀತದ. ಕಾಯಿಸಿದ ಕಬ್ಬಿಣಲೆ ತಿದ್ದಿದ್ರ ಇಳಿಯಂಗಿಲ್ಲ?”

“ಇಳಿಯಂಗಿಲ್ಲ.”

“ನೀವು ನೋಡೀರಿ?”

“ನೋಡೋದೇನದ ಇದರಾಗ? ನಮ್ಮ ಕಡಿ ಎಷ್ಟು ತಲಿಮಾರಿನ ಹೋರಿಗಳ ಬೀಜ ಒಡೆದಾರ, ಬೀಜ ಇಲ್ಲದ ಕರಾ ಒಂದರ ಹುಟ್ಟ್ಯಾದೇನು?” ಎಂದೆ. ಹಿಂದಿನಿಂದ ಯಾರೋ ನಕ್ಕರು. ಆ ನಗು ಬರಬಾರದಿತ್ತು. ಅಧ್ಯಕ್ಷರ ಕಿವಿ ಕೆಂಪಾಯಿತು.

“ನಿನ್ನಿ ತನಕ ಹುಟ್ಟಿದ್ದೇ ಹಂಗ ಅಂದಾಕಿ ಇವತ್ತು ಸುಟ್ಟಾರ ಅಂತಾಳ. ನಾಳಿ ಇನ್ನೇನಂತಾಳೋ. ದೇವರ ಮುಂದ ಸುಳ್ಳು ಹೇಳಿದಾಕಿ ಮಾತು ಹಿಡಿದು ಊರ ದನ ಹಾಳ ಮಾಡಲೇನು ನಾ? ಕಮಿಟಿ ಠರಾವ ಆಗ್ಯಾದ.” ಅವರು ಕಂಪೌಂಡರನ ಕಡೆ ತಿರುಗಿ, “ನಡೀಲಿ,” ಎಂದರು.

ನಾನು ಬೇಡವೆಂದೆ. ಅಯ್ಯನವರೂ ಬೇಡವೆಂದರು. ಇನ್ನುಳಿದವರು ಕಂಪೌಂಡರನಿಗೆ ದಾರಿ ಬಿಟ್ಟರು. ಕಾಕಿ ಚೌಕಟ್ಟಿನ ಹಿಂದೆ ಹೋಗಿ ಅಡ್ಡ ನಿಂತಳು. ಅಧ್ಯಕ್ಷರ ಕಡೆಯ ಇಬ್ಬರು, “ಸರೀಯವ್ವಾ, ಒದೀತದ ಅದು,” ಎಂದು ಮೆಲ್ಲಗೆ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. ಮೆಲ್ಲಗೆ ಎಂಬುದನ್ನು ನಾನು ಬರೆಯಲೇಬೇಕು. ಯಾರೂ ಅವಳಿಗೆ ಒರಟಾಗಲಿಲ್ಲ.

ಇಕ್ಕಳದ ಹಿಡಿಕೆಗಳು ಕೂಡಿದ್ದನ್ನು ನಾನು ನೋಡಲಿಲ್ಲ, ಕೇಳಿದೆ. ನನ್ನ ಮೊಣಕೈಗೆ ತಾಗುತ್ತಿದ್ದ ಉಸಿರು ನಿಂತಿತು. ಹೋರಿಯ ಕಣ್ಣು ನನ್ನ ಮೇಲೆಯೇ ಇತ್ತು. ಅದು ಕೂಗಲಿಲ್ಲ. ಕೂಗುತ್ತದೆ ಎಂದು ನಾನು ಕಾದೆ. ಆಮೇಲೆ ಉದ್ದನೆಯ ಉಸಿರು ಬಂತು, ಅದರೊಂದಿಗೆ ಬಾಯಿಂದ ಜೊಲ್ಲು. ಮತ್ತೊಮ್ಮೆ ಅದೇ ಸದ್ದು. “ಆಯ್ತ್ರಿ,” ಎಂದ ಕಂಪೌಂಡರ್. “ನೋಡ್ರಿ, ಒಂದು ಹನಿ ರಕ್ತ ಇಲ್ಲ,” ಎಂದರು ಅಧ್ಯಕ್ಷರು. ಯಾರೋ ಚಹಾ ತಂದರು. ನನ್ನ ಕೈಗೂ ಒಂದು ಕಪ್ಪು ಬಂತು. ಅದನ್ನು ನೆಲಕ್ಕಿಟ್ಟು ಮುಂದಿನ ಕೊಳವೆ ತೆಗೆದೆ.

ಸೋಮವಾರ ಬೆಳಿಗ್ಗೆ ಗುಡಿಗೆ ಹಲಗೆ ಬಾರಿಸುವವರು ಬಂದರು, ಹೂವಿನ ಹಾರ ಬಂತು, ಬಸವ ಬರಲಿಲ್ಲ. ಅಧ್ಯಕ್ಷರು ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು, ಹಲಗೆಯವರ ಸಮೇತ ಕಾಕಿಯ ಅಂಗಳಕ್ಕೆ ಬಂದರು. ನಾನು ನನ್ನ ಮನೆಯ ಕಟ್ಟೆಯ ಮೇಲಿದ್ದೆ. ಎರಡು ಅಂಗಳಗಳ ನಡುವೆ ಮೊಣಕಾಲೆತ್ತರದ ಕಲ್ಲಿನ ಗೋಡೆಯಷ್ಟೇ ಇದೆ. ಹೋರಿ ಕಾಲಗಲಿಸಿ ನಿಂತಿತ್ತು. ಹಿಂದೆ ಬಾವು ಬಂದಿತ್ತು. ಕಾಕಿ ಉಗುರುಬೆಚ್ಚಗಿನ ನೀರಿನಿಂದ ತೊಳೆಯುತ್ತಿದ್ದಳು.

“ಯವ್ವಾ, ಹೊತ್ತಾಗ್ಯಾದ. ಮಂದಿ ಬಂದಾರ. ಹೋರಿ ಹೊಡಕೊಂಡು ಬಾ.”

“ಯಾವ ಹೋರಿ?” ಎಂದಳು ಕಾಕಿ, ತಿರುಗದೆ.

“ಹಂಗ್ಯಾಕಂತಿ? ನಿನ್ನ ಹರಕಿ ತೀರಬೇಕಲ್ಲ.”

“ನಾ ಬೇಡಿಕೊಂಡದ್ದು ಹೋರಿ. ಅದನ್ನ ನೀವು ನಿನ್ನಿ ಇಲ್ಲಂದಂಗ ಮಾಡೀರಿ. ಬಸವ ಬೇಕಂದ್ರ ನೀವೇ ಹಾರ ಹಾಕ್ಕೊಂಡು ನಿಂದರ್ರಿ ಗುಡಿ ಮುಂದ. ನಿಮಗೂ ಕೋಡಿಲ್ಲ.”

ಹಲಗೆಯವನ ಕೋಲು ತಪ್ಪಿ ಒಂದು ಏಟು ತಾನಾಗಿ ಬಿತ್ತು. ಅಧ್ಯಕ್ಷರು ಟವೆಲ್ ಸರಿಪಡಿಸಿಕೊಂಡು ಹೋದರು. ಗುಡಿಯ ಮುಂದೆ ಹಾರವನ್ನು ಕಲ್ಲಿನ ಬಸವನಿಗೆ ಹಾಕಿ, ವೈಜ್ಞಾನಿಕ ಕಾರಣಗಳಿಂದ ಕಾರ್ಯಕ್ರಮ ಮುಂದೂಡಲಾಗಿದೆ ಎಂದು ಮೈಕಿನಲ್ಲಿ ಹೇಳಿದರು. ಹುಗ್ಗಿ ಮುಂದೂಡಲಾಗುವಂಥದ್ದಲ್ಲ, ಎಲ್ಲರೂ ಉಂಡರು. ಆ ಕಾರಣಗಳು ಯಾವುವು ಎಂದು ಇಬ್ಬರು ನನ್ನನ್ನು ಕೇಳಿದರು.

ಕಾಕಿಯ ಹರಕೆ ತೀರದೆ ಹಾಗೇ ಉಳಿದಿದೆ. ಮಗಳನ್ನು ತೊಗರಿ ಹೊಲಕ್ಕೆ ಕಳಿಸುವುದನ್ನು ನಿಲ್ಲಿಸಿದ್ದಾಳೆ. ಹುಡುಗಿ ಸಂಜೆ ಬಚ್ಚಲಿಗೆ ಹೋದರೂ ಹಿಂದೆ ತಾನೂ ಬ್ಯಾಟರಿ ಹಿಡಿದು ಹೋಗುತ್ತಾಳೆ. ದೇವರ ಬಾಕಿ ಇರುವಾಗ ಹಾವಿಗೆ ದಾರಿ ಗೊತ್ತಿರುತ್ತದೆ ಎನ್ನುತ್ತಾಳೆ. ಅದು ಹಾಗಲ್ಲವೆಂದು ನಾನು ಹೇಳಿದ್ದೇನೆ. ಅವಳೂ ಗೌರವದಿಂದ ಕೇಳುತ್ತಾಳೆ. ಪ್ರತಿ ಸಂತೆಗೂ ಸುಲೇಪೇಟಕ್ಕೆ ಹೋಗಿ ಹೋರಿಗರು ನೋಡಿ ಬರಿಗೈಯಲ್ಲಿ ಬರುತ್ತಾಳೆ. ನೆತ್ತಿಯ ಮೇಲೆ ಬೆರಳಿಟ್ಟು ಮೊಳಕೆ ಇದೆಯೇ ಎಂದು ಅವಳು ಒತ್ತಿ ನೋಡುವುದನ್ನು ಕಂಡು ಅಲ್ಲಿನ ದಲಾಲಿಗಳು ಅವಳನ್ನು ಡಾಕ್ಟ್ರಮ್ಮ ಎಂದು ಕರೆಯುತ್ತಾರಂತೆ. ಇದು ನಾನು ಕೇಳಿದ್ದು, ನೋಡಿದ್ದಲ್ಲ.

ನೋಡಿದ್ದಕ್ಕೆ ಸಾಕ್ಷಿ ನಾನೊಬ್ಬನೇ ಅಲ್ಲ. ಅಂದು ಆ ಚೌಕಟ್ಟಿನ ಸುತ್ತ ಇದ್ದವರಲ್ಲಿ ಅಯ್ಯನವರು ದೀಪಾವಳಿಗೆ ಮುಂಚೆ ತೀರಿಕೊಂಡರು. ಕಂಪೌಂಡರನಿಗೆ ಚಿಂಚೋಳಿಯ ಕಡೆಗೆ ವರ್ಗವಾಗಿದೆ, ಆರೋಗ್ಯವಾಗಿದ್ದಾನೆ, ಈ ಮಾತು ತೆಗೆದರೆ ಬೇರೆ ಮಾತಾಡುತ್ತಾನೆ. ಟ್ರ್ಯಾಕ್ಟರಿನವನು ಇದ್ದಾನೆ. ಅವನ ಫೋನಿನ ಚಿತ್ರವನ್ನು ಅಳಿಸಿ ಹಾಕಿಸಿದ್ದಾರೆ, ಅವನ ನೆನಪನ್ನಲ್ಲ. ಕಾಕಿಯ ರಟ್ಟೆ ಹಿಡಿದ ಇಬ್ಬರೂ ಇದ್ದಾರೆ, ಅವಳ ಹತ್ತಿರವೇ ಹಾಲು ಕೊಳ್ಳುತ್ತಾರೆ. ಅಧ್ಯಕ್ಷರು ಇದ್ದಾರೆ, ಅಧ್ಯಕ್ಷರಾಗಿಯೇ ಇದ್ದಾರೆ. ಕಾಕಿ ಇದ್ದಾಳೆ. ದವಾಖಾನೆಯ ಕಂಪೌಂಡಿನ ಆಚೆ, ತಾಯಿ ಬರಬೇಡವೆಂದರೂ ಬಂದು, ಗೋಡೆಗೆ ಗಲ್ಲವೂರಿ ನಿಂತು ಮೊದಲಿನಿಂದ ಕೊನೆಯವರೆಗೂ ನೋಡಿದವಳು ಅವಳ ಮಗಳು. ಅವಳೂ ಇದ್ದಾಳೆ.